ಕುಣಿತ ಮುಗಿಯುವವರೆಗೆ

ನಾಗೇಂದ್ರ ಉಕ್ರೇನಿನಿಂದ ಡಾಕ್ಟರ್ ಪದವಿಯ ಜೊತೆಗೆ ಹೆಂಡತಿಯನ್ನೂ ಕರೆತಂದಾಗ ಚಂದಕವಾಡಿಯ ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅವನ ತಾಯಿ ಮಲ್ಲಮ್ಮ ಮಾತ್ರ ಇಡಲಿಲ್ಲ. ಸೊಸೆ ಲೆಸ್ಯಾಳಿಗೆ ಮುದ್ದೆ ತಿರುವುವುದನ್ನು ಕಲಿಸಿದಳು, ಕನ್ನಡ ಕಲಿಸಿದಳು, ತನ್ನನ್ನು ‘ಅವ್ವ’ ಎನ್ನುವುದನ್ನೂ ಕಲಿಸಿದಳು. ಹೆಣ್ಣುಮಕ್ಕಳಿಲ್ಲದ ಮಲ್ಲಮ್ಮ ಆ ಒಂದು ಕರೆಗೇ ಉಬ್ಬಿಹೋಗಿದ್ದಳು.

ಯುದ್ಧ ಶುರುವಾದ ಮೇಲೆ ಲೆಸ್ಯಾಳಿಗೆ ತವರಿನ ದಾರಿ ಮುಚ್ಚಿತು. ಹಾಗೆಂದು ಅವಳು ಮೂಲೆ ಹಿಡಿದು ಕೂರುವ ಪೈಕಿಯಲ್ಲ. ತನ್ನಂತೆಯೇ ಡಾಕ್ಟರುಗಳನ್ನು ಕಟ್ಟಿಕೊಂಡು ಮೈಸೂರು, ಊಟಿ, ಸುಲ್ತಾನ್ ಬತ್ತೇರಿ ಕಡೆ ಸಂಸಾರ ಹೂಡಿದ್ದ ಏಳು ಉಕ್ರೇನಿ ಹೆಂಗಸರನ್ನು ಹುಡುಕಿ ಕುಣಿತದ ತಂಡ ಕಟ್ಟಿದಳು. ಎಲ್ಲರಿಗೂ ನಡುದಾರಿ ಗುಂಡ್ಲುಪೇಟೆ. ಭಾನುವಾರ ಅಲ್ಲಿನ ಛತ್ರವೊಂದರಲ್ಲಿ ಎಂಟೂ ಜನ ಕೈಕೈ ಹಿಡಿದು ಸುತ್ತು ಕಟ್ಟುತ್ತಿದ್ದರು. ತಲೆಗೆ ಚೆಂಡುಹೂವಿನ ದಂಡೆ, ಅದನ್ನು ಕಟ್ಟಿಕೊಡುವವಳು ಮಲ್ಲಮ್ಮ. ಚೆಂಡುಹೂ ಲೆಸ್ಯಾಳ ತಾಯಿಯ ಅಂಗಳದಲ್ಲೂ ಬೆಳೆಯುತ್ತದಂತೆ.

ಚಾಮರಾಜನಗರದಲ್ಲಿ ತಂಡದ ಮೊದಲ ಪ್ರದರ್ಶನಕ್ಕೆ ಎರಡು ದಿನವಿತ್ತು. ಶುಕ್ರವಾರ ಬೆಳಿಗ್ಗೆ ಲೆಸ್ಯಾಳ ಅಣ್ಣ ನಾಗೇಂದ್ರನಿಗೆ ಫೋನು ಮಾಡಿದ. ಅಮ್ಮ ತೀರಿಕೊಂಡಳು, ತಂಗಿಗೆ ನೀನೇ ಮೆಲ್ಲಗೆ ಹೇಳು ಎಂದ. ನಾಗೇಂದ್ರ ಹೆಂಡತಿಯ ಬಳಿಗೆ ಹೋಗಬೇಕಾದವನು ಅಡುಗೆಮನೆಗೆ, ತಾಯಿಯ ಬಳಿಗೆ ಹೋದ.

“ಈಗ ಯೋಳ್ಬ್ಯಾಡ ಕಣ್ಲಾ,” ಎಂದಳು ಮಲ್ಲಮ್ಮ. “ಕುಣ್ತ ಮುಗೀಲಿ. ಕಿವಿಗ್ ಬೀಳಗಂಟ ಸೂತಕ ಇಲ್ಲ.”

“ಭಾನ್ವಾರ ಮಣ್ ಮಾಡ್ತಾರಂತೆ ಕಣವ್ವ. ಫೋನಲ್ಲಿ ತೋರಿಸ್ತೀವಿ ಅಂತವ್ರೆ.”

“ಫೋನಲ್ ನೋಡ್ಬುಟ್ರೆ ಎದ್ ಬಂದಾರಾ? ಈ ಕುಣ್ತಕ್ಕೆ ವರ್ಸದಿಂದ ಕಾದದೆ ಹೆಣ್ಮಗ. ಒಂದಿನ ನಗ್ಲಿ ಬುಡು.”

ಮಲ್ಲಮ್ಮನದು ಕೆಟ್ಟ ಮನಸ್ಸಲ್ಲ. ತವರೂರು ಕುದೇರಿನಲ್ಲಿ ಅವಳ ಮದುವೆಯ ದಿನವೇ ಅಜ್ಜಿ ತೀರಿಕೊಂಡಿದ್ದಳು. ತಾಳಿ ಬಿದ್ದು, ಊಟದ ಎಲೆ ಎತ್ತಿದ ಮೇಲೆ ಹಿರಿಯರು ಹೇಳಿದರು. ಅವಳು ಅತ್ತಳು, ಅಷ್ಟೆ. ಯಾರ ಮೇಲೂ ಮುನಿಯಲಿಲ್ಲ. ಹೀಗೆ ಮುಚ್ಚಿಡುವುದೂ ಪ್ರೀತಿಯೇ ಎಂದು ನಂಬಿ ಬದುಕಿದವಳು. ಆರು ವರ್ಷ ಹೊರದೇಶದಲ್ಲಿ ಓದಿ ಬಂದ ಮಗನಾದರೂ ಎದುರಾಡಬೇಕಿತ್ತು. ಆ ಮಹಾರಾಯನೋ, ‘ಲೆಸ್ಯಾ ಮಾತಾಡುವ ಸ್ಥಿತಿಯಲ್ಲಿಲ್ಲ’ ಎಂದು ಭಾವಮೈದುನನಿಗೆ ಸುಳ್ಳು ಹೇಳಿದ. ‘ನಿಮ್ಮೂರಿನಲ್ಲಿ ಕರೆಂಟಿಲ್ಲವಂತೆ, ಫೋನು ಸಿಗುವುದಿಲ್ಲ’ ಎಂದು ಹೆಂಡತಿಗೂ ಸುಳ್ಳು ಹೇಳಿದ.

ಭಾನುವಾರ ಮಧ್ಯಾಹ್ನ ರಂಗಮಂದಿರದಲ್ಲಿ ಲೆಸ್ಯಾ ತನ್ನ ಫೋನನ್ನು ಅತ್ತೆಯ ಕೈಗಿಟ್ಟಳು.

“ಪೂರ್ತಿ ವಿಡಿಯೋ ತೆಗಿಯವ್ವ. ಕರೆಂಟ್ ಬಂದ್ಮೇಲೆ ನಮ್ಮಮ್ಮ ನೋಡ್ಲಿ. ಕೈ ಅಲ್ಲಾಡಿಸ್ಬ್ಯಾಡ.”

ಎಂಟು ಹೆಂಗಸರು ಸುತ್ತು ಕಟ್ಟಿದರು. ಜನ ಶಿಳ್ಳೆ ಹೊಡೆದರು. ಲೆಸ್ಯಾ ಅತ್ತೆಯ ಎದುರು ಬಂದಾಗಲೆಲ್ಲ ಫೋನಿನ ಕಡೆ ನೋಡಿ ನಗುತ್ತಿದ್ದಳು. ಫೋನು ಅಲ್ಲಾಡದಂತೆ ಮಲ್ಲಮ್ಮ ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಇಲ್ಲದ ಬೀಗಿತಿಗಾಗಿ ಪೂರ್ತಿ ವಿಡಿಯೋ ತೆಗೆದಳು. ಆಗಲೇ ಅವಳಿಗೆ ಗೊತ್ತಾಯಿತು, ತಪ್ಪಾಗಿದೆ ಎಂದು.

ಮನೆಗೆ ಬಂದ ಮೇಲೆ ನಾಗೇಂದ್ರ ಹೇಳಿದ. ಲೆಸ್ಯಾ ಅಳಲಿಲ್ಲ. ಕೇಳಿದ್ದು ಒಂದೇ.

“ಮಣ್ಣು ಯಾವಾಗ?”

“ನೀನು ಕುಣೀತಿದ್ದಾಗ.”

ಅವಳು ತಲೆಯ ದಂಡೆ ತೆಗೆದು ಮೇಜಿನ ಮೇಲಿಟ್ಟು ಕೋಣೆಗೆ ಹೋದಳು.

ಜಗಳವಾಗಲಿಲ್ಲ. ಆಗಿದ್ದರೆ ಮಲ್ಲಮ್ಮ ಕಾಲಿಗಾದರೂ ಬೀಳುತ್ತಿದ್ದಳು. ಲೆಸ್ಯಾ ಎಂದಿನಂತೆ ಮುದ್ದೆ ತಿರುವಿದಳು, ಬಟ್ಟೆ ಒಣಹಾಕಿದಳು. ಮುಂದಿನ ಭಾನುವಾರ ಮಲ್ಲಮ್ಮ ಹೊಸ ದಂಡೆ ಕಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

“ಗುಂಡ್ಲುಪೇಟೆ ಬಸ್ಗೆ ಒತ್ತಾಯ್ತು ಕಣಮ್ಮಿ. ಅವ್ರೆಲ್ಲ ಕಾಯ್ತರೆ. ಓಗ್ಬುಟ್ ಬಾ.”

“ಇಲ್ಲ ಅತ್ತೆ,” ಎಂದಳು ಲೆಸ್ಯಾ. ಅತ್ತೆ ಎಂದದ್ದು ಅದೇ ಮೊದಲು. “ನಾನಿನ್ನು ಕುಣಿಯುವುದಿಲ್ಲ. ಕುಣಿಯಲು ನಿಂತರೆ, ಈಗ ಯಾರು ಸತ್ತಿದ್ದಾರೋ, ಇವರು ನನಗೆ ಯಾವಾಗ ಹೇಳುತ್ತಾರೋ ಅನ್ನಿಸುತ್ತದೆ.”