ಅವ್ವ ಕಾಸಿದ ಕಷಾಯ

ಬಾಳುವಿಗೆ ಹಳದಿ ಬಿಯರ್ ಸೇರುತ್ತಿರಲಿಲ್ಲ. ಅಷ್ಟಕ್ಕೇ ತಾನು ಕುಡಿಯುವವನಲ್ಲ ಎಂದು ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ. ಸವದತ್ತಿಯಲ್ಲಿ ತಮ್ಮ ಓಣಿಯ ಬುದ್ಧವಿಹಾರದಲ್ಲಿ ಹುಣ್ಣಿಮೆಗೊಮ್ಮೆ ಪಂಚಶೀಲ ಹೇಳಿಸುವವನೂ ಅವನೇ. ಅವನು ಒಂದೊಂದೇ ಶೀಲ ಹೇಳಬೇಕು, ಕುಳಿತವರೆಲ್ಲ ಅದನ್ನೇ ಹೇಳಬೇಕು. ಕೊನೆಯದು, ಮದ್ಯ ಮುಟ್ಟುವುದಿಲ್ಲವೆಂಬ ಮಾತು.

ಅಂಥವನನ್ನು ಗೆಳೆಯ ಗೌರೀಶ ಬೆಳಗಾವಿಗೆ ಕರೆದೊಯ್ದು ಕರಿ ಬಿಯರ್ ಮುಂದಿಟ್ಟ.

"ಇದಕ್ಕ ಸ್ಟೌಟ್ ಅಂತಾರ. ಒಂದು ಗುಟುಕು ನೋಡಲೇ."

ಬಾಳು ನೋಡಿದ. ಹುರಿದ ಜೋಳದ ವಾಸನೆ, ಹಾಲಿಲ್ಲದ ಕಾಫಿಯ ಕಹಿ, ಕೊನೆಗೆ ಬೆಲ್ಲದಂಥ ಒಂದಿಷ್ಟು ಸಿಹಿ. ಗ್ಲಾಸು ಖಾಲಿಯಾದದ್ದೇ ತಿಳಿಯಲಿಲ್ಲ. ಇಷ್ಟು ಚೆನ್ನಾಗಿರುವುದು ಮದ್ಯ ಹೇಗಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ, ಮಹಾ ಬುದ್ಧಿವಂತ! ಆಮೇಲೆ ಸ್ಟೀಲಿನ ಬಾಟಲಿಯಲ್ಲಿ ಮನೆಗೂ ತರತೊಡಗಿದ.

ಒಮ್ಮೆ ಅವನ ತಾಯಿ ತಾಯವ್ವ ಮುಚ್ಚಳ ತೆಗೆದು ನೋಡಿದಳು.

"ಏನೋ ಇದು, ಇಷ್ಟು ಕರ್ರಗ ಐತಿ?"

"ಕಷಾಯ ಬೇ. ಕೆಮ್ಮಿಗೆ."

ಗಂಡ ಕುಡಿದು ಕುಡಿದು ಸತ್ತ ಮೇಲೆ ಆಕೆ ಸಾರಾಯಿ ಅಂಗಡಿಯ ದಾರಿಯನ್ನೇ ತುಳಿದವಳಲ್ಲ. ಆಕೆಗೆ ಗೊತ್ತಿದ್ದದ್ದು ಆ ಸಾರಾಯಿಯ ನಾತ. ಇದರಲ್ಲಿ ಅದಿರಲಿಲ್ಲ. ಮಗನ ಮಾತು ನಂಬಿದಳು.

ಈ ಹುಣ್ಣಿಮೆಯ ಸಂಜೆ ಬಾಳು ಬಿಳಿ ಅಂಗಿ ತೊಟ್ಟು ವಿಹಾರಕ್ಕೆ ಹೊರಡುತ್ತಿದ್ದಾಗ ತಾಯವ್ವ ಹಬೆಯಾಡುವ ಲೋಟ ಹಿಡಿದು ಬಂದಳು. ಶುಂಠಿ, ಮೆಣಸಿನ ಘಾಟು ಮೂಗಿಗೆ ಬಡಿಯಿತು.

"ನನಗೂ ಗಂಟಲಾ ಕಟ್ಟಿತ್ತೋ. ನಿನ್ನ ಕಷಾಯಕ್ಕ ಬೆಲ್ಲಾ ಹಾಕಿ, ಕಾಸಿ ಕುಡದೆ. ಎದಿ ಬೆಚ್ಚಗಾತು ನೋಡು. ನಿನಗೂ ತಂದೇನಿ, ಕುಡಿ."

ಬಾಳು ನಿಜ ಹೇಳಲು ಬಾಯಿ ತೆರೆದ. ಹೇಳಿದರೆ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ತನ್ನ ಶೀಲ ಮುರಿಯಿತೆಂಬುದನ್ನು ಈಕೆ ಹೇಗೆ ತಡೆದುಕೊಂಡಾಳು? ಹೇಳದಿದ್ದರೆ ಗುಟ್ಟು ತನ್ನೊಬ್ಬನಲ್ಲೇ ಉಳಿಯುತ್ತದೆ. ಹೇಡಿ, ಲೋಟ ಎತ್ತಿ ಕುಡಿದುಬಿಟ್ಟ.

ವಿಹಾರದಲ್ಲಿ ನಾಲ್ಕು ಶೀಲ ಹೇಗೋ ಹೇಳಿಸಿದ. ಐದನೆಯದಕ್ಕೆ ಧ್ವನಿಯೇ ಹೊರಡಲಿಲ್ಲ. ಜನ ಕಾದರು. ಪಾಪ, ಮಗನ ಗಂಟಲು ಕಟ್ಟಿದೆ ಎಂದುಕೊಂಡ ತಾಯವ್ವ ಎದ್ದು ನಿಂತು, ಅವನ ಬದಲು ತಾನೇ ಗಟ್ಟಿಯಾಗಿ ಆ ಶೀಲ ಹೇಳಿಸಿದಳು. ಎಲ್ಲರೂ ಹೇಳಿದರು. ಮುಗಿದ ಕೈ ಮುಗಿದಂತೆಯೇ ಬಾಳು ನೆಲ ನೋಡುತ್ತಿದ್ದ.

ಹೊರಗೆ ಬಂದ ಮೇಲೆ ತಾಯವ್ವ ಅವನ ಬೆನ್ನು ಸವರಿದಳು.

"ಚಿಂತಿ ಮಾಡಬ್ಯಾಡ. ಬಾಟಲಿಯೊಳಗ ಇನ್ನೂ ಐತಿ. ಮನಿಗಿ ಹೋಗಿ ಕಾಸತೇನಿ, ಇಬ್ಬರೂ ಕುಡಿಯೋಣು."