ಕುದುರೆ, ಕಂಬಳಿ, ಇನ್ನೊಂದು

ಇವತ್ತು ಗಾಳಿಗೆ ಹುಚ್ಚು ಹಿಡಿದಿದೆ, ಬೆಳಗಿನಿಂದ ಒಂದೇ ಸಮನೆ ಬೀಸುತ್ತಿದೆ, ಎದುರು ಮನೆಯವರ ಕಾಲುಚೀಲವೊಂದು ತಂತಿ ಬಿಟ್ಟು ಹಾರಿ ಬಂದು ನಮ್ಮ ಕಿಟಕಿಯ ಸರಳಿಗೆ ಸಿಕ್ಕಿಕೊಂಡು ಬಾ ಬಾ ಎಂದು ಯಾರನ್ನೋ ಕರೆಯುತ್ತಿದೆ, ಇವತ್ತು ಬರಲಿರುವ ಆ ನರ್ಸನ್ನೇ ಇರಬೇಕು, ಕಾಲುಚೀಲವೇ ಕರೆದಿರಬೇಕು, ನಾನಂತೂ ಕರೆದಿಲ್ಲ — ಆಕಾಶ ಮಾತ್ರ ತೊಳೆದು ಬೋರಲು ಹಾಕಿದ ಬೋಗುಣಿಯ ಹಾಗೆ ಹೊಳೆಯುತ್ತಿದೆ, ಒಂದು ಚೂರು ಮೋಡವಿಲ್ಲ, ದೇವರು ಬೇಗ ಎದ್ದು ತನ್ನ ಮನೆಯೆಲ್ಲ ಗುಡಿಸಿ ಕಸವನ್ನು ನಮ್ಮ ಬೀದಿಗೆ ತಳ್ಳಿದ್ದಾನೆ, ಇರಲಿ, ಅವನ ಮನೆ ಚೊಕ್ಕಟವಾಗಿರಲಿ, ಒಂದು ದಿನ ನಾವೂ ಅಲ್ಲಿಗೇ ಹೋಗುವವರು. ವಿಮೆ ಕಂಪನಿಯ ಹುಡುಗ ಫೋನಿನಲ್ಲಿ ಎಷ್ಟು ನಯವಾಗಿ ಮಾತಾಡಿದ, ನಮಸ್ಕಾರ ಮೇಡಂ, ವಯಸ್ಸಾದ ನಮ್ಮ ಗ್ರಾಹಕರಿಗೆ ಮನೆ ಬಾಗಿಲಿಗೇ ಆರೋಗ್ಯ ತಪಾಸಣೆ, ಪೂರ್ತಿ ಉಚಿತ. ನಾನೇನೂ ಕೇಳಿಲ್ಲವಲ್ಲಪ್ಪಾ ಅಂದೆ. ನೀವು ಕೇಳ್ದೇನೇ ಕೊಡ್ತಿದ್ದೀವಿ ಮೇಡಂ ಅಂದ. ಕೇಳದೆ ಕೊಡುವವನು ಇಷ್ಟು ದಿನ ಮೇಲೊಬ್ಬನೇ ಇದ್ದ, ಈಗ ಅವನಿಗೂ ಪೈಪೋಟಿ ಬಂತು ಅಂದುಕೊಂಡು ಫೋನಿಟ್ಟೆ. ಆಗ ಮಗಳೂ ನನ್ನ ಪಕ್ಷವೇ, ಪುಕ್ಕಟೆ ಅಂದ್ರೆ ಒಳಗೇನೋ ಇರುತ್ತಮ್ಮ, ಇಲ್ಲದ ಕಾಯಿಲೆ ಹುಡುಕಿ ಬರ್ಕೊಂಡು ಹೋಗ್ತಾರೆ, ಬೇಡ ಅನ್ನು ಅಂತಿದ್ದಳು, ಆಮೇಲೆ ಹಾಲು ಸೀದ ದಿನದಿಂದ ಅವಳ ರಾಗ ಬದಲಾಯಿತು — ಹಾಲು ಸೀದದ್ದೇನು, ಪಾತ್ರೆಯ ತಳವೇ ಕರಿ ರೊಟ್ಟಿಯಾಗಿ ಮನೆಯೆಲ್ಲ ಹೊಗೆ, ನಾನು ಪಕ್ಕದ ಕೋಣೆಯಲ್ಲೇ ಕೂತಿದ್ದೆ, ಹಾಲಿಟ್ಟದ್ದು ಮರೆತೆ ಎಂದಲ್ಲ, ಹಾಲು ಎನ್ನುವ ಒಂದು ವಸ್ತುವೇ ಆ ಹೊತ್ತಿಗೆ ಈ ಲೋಕದಲ್ಲಿರಲಿಲ್ಲ. ಬರ್ಲಿ ಬಿಡಮ್ಮ, ತಲೇನೂ ನೋಡ್ತಾರಂತೆ, ಅವರು ಏನಂತಾರೋ ಕೇಳಿ ಸೋಮವಾರದ್ದು ಮಾತಾಡೋಣ ಅಂದಳು ಮಗಳು, ನನ್ನ ಮುಖ ನೋಡದೆ, ಪಾತ್ರೆ ಉಜ್ಜುತ್ತ. ಸೋಮವಾರದ್ದು ಅಂದರೆ ಮೇಷ್ಟ್ರದ್ದು, ಮೊಮ್ಮಗಳ ಕೂಸಿನದ್ದು. ಮೊಮ್ಮಗಳ ಹೆರಿಗೆ ರಜೆ ಮುಗಿಯುತ್ತದೆ, ಸೋಮವಾರದಿಂದ ಅವಳು ಕೆಲಸಕ್ಕೆ, ಮಗಳು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಮಧ್ಯಾಹ್ನ ಬರುವವರೆಗೂ ಮೇಷ್ಟ್ರು ನನ್ನ ಪಾಲಿಗೆ ಎಂದು ಮಾತಾಗಿತ್ತು. ಹುಟ್ಟಿದ ಗಳಿಗೆಯಿಂದ ಹುಬ್ಬು ಗಂಟಿಕ್ಕಿಕೊಂಡು, ನಾವೆಲ್ಲ ಲೆಕ್ಕ ತಪ್ಪಿದವರ ಹಾಗೆ ಒಬ್ಬೊಬ್ಬರನ್ನೇ ನೋಡುವ ಮಗುವಿಗೆ ಇನ್ನೇನು ಹೆಸರಿಡುವುದು, ಮೇಷ್ಟ್ರೇ. ಆ ಮೇಷ್ಟ್ರು ನನ್ನ ಹೆಗಲ ಮೇಲೆ ತೂಕಡಿಸುವ ಬೆಳಗುಗಳಿಗಾಗಿ ನಾನು ಬೇಸಿಗೆಯಿಂದ ಕಾಯುತ್ತಿದ್ದೇನೆ, ಅದನ್ನು ಈಗ ಯಾವುದೋ ಕಂಪನಿಯ ಹುಡುಗಿ ಬಂದು ತೀರ್ಮಾನಿಸಬೇಕು, ಭಗವಂತ, ನಿನ್ನ ಏರ್ಪಾಟು ನಿನಗೇ ಚೆಂದ.

ಬಂದಳು, ಬಾಗಿಲು ತೆಗೆದದ್ದೇ ಗಾಳಿಯೂ ಅವಳ ಜೊತೆ ಒಳಗೆ ನುಗ್ಗಿತು, ಕೂದಲೆಲ್ಲ ಪೊರಕೆಯಾಗಿದೆ ಪಾಪ, ಕತ್ತಿನಲ್ಲಿ ಫೋಟೋ ಇರುವ ಪಟ್ಟಿ, ಹೆಗಲಲ್ಲಿ ಅವಳಿಗಿಂತ ದಪ್ಪನೆಯ ಚೀಲ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ, ನಿಮ್ಮ ಉಸಿರಾಟ ಹೇಗಿದೆ ಅಜ್ಜಿ ಅಂದಳು. ನಿನಗಿಂತ ಪರವಾಗಿಲ್ಲಮ್ಮ, ಮೊದಲು ಕೂತುಕೋ, ನೀರು ಕುಡಿ ಅಂದೆ. ನಕ್ಕಳು, ಒಳ್ಳೆಯ ನಗು, ಮುಂದಿನ ಎರಡು ಹಲ್ಲಿನ ನಡುವೆ ಸಂದು. ನಾವು ಕರೆದಿರಲಿಲ್ಲ ನೋಡು ಅಂದೆ, ಎಲ್ರೂ ಹಾಗೇ ಅಂತಾರೆ ಅಜ್ಜಿ, ಒಬ್ರು ತಾತ ಅಂತೂ ನನ್ನನ್ನ ಪಾತ್ರೆ ಮಾರೋಳು ಅಂದ್ಕೊಂಡು ಕುಕ್ಕರ್ ರೇಟು ಕೇಳಿದ್ರು ಅಂದಳು, ಮಗಳು ಅಡಿಗೆಮನೆಯಿಂದಲೇ ನಕ್ಕದ್ದು ಕೇಳಿಸಿತು, ಅದೂ ಒಂದು ಶುಭವೇ. ತೂಕ ನೋಡಿದಳು, ತೋಳಿಗೆ ಪಟ್ಟಿ ಸುತ್ತಿ ಪುಸ್ ಪುಸ್ ಅನ್ನಿಸಿದಳು, ಬೆರಳ ತುದಿಗೆ ಇರುವೆ ಕಚ್ಚಿಸಿದಳು, ಆಮೇಲೆ ಕುರ್ಚಿ ಎಳೆದು ಎದುರಿಗೆ ಕೂತು, ಅಜ್ಜಿ, ಈಗ ಮೂರು ಪದ ಹೇಳ್ತೀನಿ, ಜೋಪಾನವಾಗಿ ಇಟ್ಕೊಂಡಿರಿ, ಐದು ನಿಮಿಷ ಬಿಟ್ಟು ಕೇಳ್ತೀನಿ, ಆಗ ವಾಪಸ್ ಹೇಳ್ಬೇಕು ಅಂದಳು. ಇದೇ, ಇದೇ ತಲೆಯ ಪರೀಕ್ಷೆ, ಮಗಳು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಕುದುರೆ, ಕಂಬಳಿ, ನಿಂಬೆಹಣ್ಣು. ಅಷ್ಟೇನಾ ಅಂದೆ. ಅಷ್ಟೇ ಅಂದಳು. ಇವಳಿಗೇನು ಗೊತ್ತು, ಜನ ಇಟ್ಟು ಹೋದದ್ದನ್ನು ಇಟ್ಟುಕೊಂಡಿದ್ದು ವಾಪಸು ಕೊಡುವುದೇ ನನ್ನ ಹೊಟ್ಟೆಪಾಡಾಗಿತ್ತು, ರೈಲು ನಿಲ್ದಾಣದ ಲಗೇಜ್ ಕೋಣೆಯಲ್ಲಿ ನಾನೇ ಟೋಕನಮ್ಮ, ಹಮಾಲರೆಲ್ಲ ಹಾಗೇ ಕರೆಯುತ್ತಿದ್ದದ್ದು, ಟೋಕನಮ್ಮಾ ಈ ಪೆಟ್ಟಿಗೆ ಮೇಲಿಡ್ಲಾ ಕೆಳಗಿಡ್ಲಾ — ನೆಲದಿಂದ ಸೂರಿನವರೆಗೆ ಮರದ ರ‍್ಯಾಕುಗಳು, ಟ್ರಂಕು ಕೆಳಗೆ, ಹಾಸಿಗೆಸುರುಳಿ ನಡುವೆ, ಛತ್ರಿ ಮೇಲೆ, ಕಣ್ಣು ಮುಚ್ಚಿದರೆ ಈಗಲೂ ಆ ಕಬ್ಬಿಣದ, ಒದ್ದೆ ಚರ್ಮದ ವಾಸನೆ. ಕಣ್ಣು ಮುಚ್ಚಿದೆ. ಕುದುರೆಯನ್ನು ನಡುವಿನ ರ‍್ಯಾಕಿನಲ್ಲಿ ನಿಲ್ಲಿಸಿದೆ, ಕಂಬಳಿಯನ್ನು ಅದರ ಬೆನ್ನಿಗೆ ಹೊದಿಸಿದೆ, ನಿಂಬೆಹಣ್ಣು ಉರುಳಿ ಬಿದ್ದೀತು ಎಂದು ಕುದುರೆಯ ಬಾಯಿಗೇ ಕೊಟ್ಟೆ, ಹಿಡ್ಕೋ ಮಹರಾಯ ಎಂದು. ಹಿಡಿದುಕೊಂಡಿತು.

ಈಗ ಅವಳು ಮನೆ ನೋಡುತ್ತಿದ್ದಾಳೆ, ಬೀಳುವ ಜಾಗಗಳನ್ನು ಹುಡುಕುವುದಂತೆ, ಈ ಚಾಪೆ ಜಾರುತ್ತೆ ಅಜ್ಜಿ ಅನ್ನುತ್ತಾಳೆ, ನಾನೂ ಅದನ್ನೇ ಬಡ್ಕೊಂಡೆ ಅನ್ನುತ್ತಾಳೆ ಮಗಳು, ಬಚ್ಚಲಲ್ಲೊಂದು ಹಿಡಿಕೆ ಹಾಕ್ಸಿ, ನಾನೂ ಅದನ್ನೇ ಬಡ್ಕೊಂಡೆ, ಇಬ್ಬರೂ ಒಂದೇ ತೊಟ್ಟಿಲಲ್ಲಿ ಬೆಳೆದವರ ಹಾಗೆ ಮಾತಾಡಿಕೊಂಡು ಹೋಗುತ್ತಿದ್ದಾರೆ, ಹೋಗಲಿ, ನಾನು ಕೂತಲ್ಲಿಂದ ಏಳುವುದಿಲ್ಲ, ಅಲುಗಿದರೆ ಕುದುರೆ ಬೆದರೀತು. ಕುದುರೆ, ಕಂಬಳಿ, ನಿಂಬೆಹಣ್ಣು. ನಿಜಕ್ಕೂ ಒಂದು ಕುದುರೆ ಬಂದಿತ್ತು ನನ್ನ ಕೋಣೆಗೆ, ಪೂರ್ತಿ ಅಲ್ಲ, ತಲೆ ಮಾತ್ರ, ನಾಟಕದ ಕಂಪನಿಯವರು ಇಟ್ಟು ಹೋದ ಕಾಗದದ ಕುದುರೆ ತಲೆ, ಇಷ್ಟು ದೊಡ್ಡ ಹಲ್ಲು, ಸಂಜೆ ಪಾಳಿಯವನು ದೀಪ ಹಾಕಿ ಅದನ್ನು ನೋಡಿ ಕಿರುಚಿದ್ದು ಪ್ಲಾಟ್‌ಫಾರ್ಮಿನ ತುದಿಗೆ ಕೇಳಿ ನಮ್ಮವರು ಮೈಕು ಬಿಟ್ಟು ಓಡಿ ಬಂದಿದ್ದರು, ಹಾಗೆ ಶುರುವಾದದ್ದು ನಮ್ಮ ಪರಿಚಯ, ಅವರು ರೈಲು ಬರುವುದನ್ನು ಮೈಕಿನಲ್ಲಿ ಕೂಗಿ ಹೇಳುವವರು, ನಾನು ಇಳಿದವರ ಗಂಟು ಕಾಯುವವಳು. ಮದುವೆಯಾದ ಮೇಲೂ ಮನೆಯಲ್ಲಿ ಅದೇ ಗಂಟಲು, ಪ್ರಯಾಣಿಕರ ಗಮನಕ್ಕೆ, ಊಟ ಅರ್ಧ ಗಂಟೆ ತಡವಾಗಿ ಬರುವ ನಿರೀಕ್ಷೆಯಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ, ಮಗಳು ಚಿಕ್ಕವಳು ಆ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಾನು ಸೌಟು ತೋರಿಸಿದರೆ, ಗಮನಿಸಿ, ಅಡಿಗೆಮನೆಯಿಂದ ವೇಗದ ಗಾಡಿಯೊಂದು ಬರುತ್ತಿದೆ, ದಯವಿಟ್ಟು ದೂರ ಸರಿಯಿರಿ — ಅಯ್ಯೋ ನನ್ನ ದೊರೆಯೇ, ಹೋಗುವ ದಿನ ಮಾತ್ರ ಯಾವ ಪ್ರಕಟಣೆಯೂ ಇಲ್ಲ, ನಿದ್ದೆಯಲ್ಲೇ, ಸದ್ದಿಲ್ಲದೆ ಹೊರಟ ಗಾಡಿ ಅದೊಂದೇ. ಇಟ್ಟವನು ಬಂದು ತೆಗೆದುಕೊಂಡು ಹೋದ, ನಾನೇನು ಜಗಳವಾಡಲಿ, ನನ್ನ ಕೋಣೆಯಲ್ಲಿ ಯಾರ ಪೆಟ್ಟಿಗೆಯೂ ನನ್ನದಾಗಿರಲಿಲ್ಲ, ಇದ್ದಷ್ಟು ದಿನ ಧೂಳು ಒರೆಸಿದ್ದಷ್ಟೇ ನನ್ನ ಭಾಗ್ಯ, ಚೆನ್ನಾಗಿಯೇ ಒರೆಸಿದೆ.

ನರ್ಸಿನ ಫೋನು ಹೊಡೆದುಕೊಳ್ಳುತ್ತಿದೆ, ಆಯ್ತು ಸಾರ್, ಇನ್ನೇನು ಹೊರಟೆ ಸಾರ್, ಪಕ್ಕದ ಬೀದೀನೇ ಸಾರ್ ಎಂದು ನಿಂತಲ್ಲೇ ತಲೆಯಾಡಿಸುತ್ತಾಳೆ, ಆ ಕಡೆಯ ಸಾರ್‌ಗೆ ಈ ತಲೆ ಕಾಣಿಸುತ್ತದೆಯೇ, ಚೀಲಕ್ಕೆ ಒಂದೊಂದನ್ನೇ ತುರುಕಿ, ಕೈಯಲ್ಲಿದ್ದ ಹಲಗೆಯಂಥ ಫೋನಿನ ಮೇಲೆ ಟಕ ಟಕ ಒತ್ತಿ, ಎಲ್ಲಾ ಚೆನ್ನಾಗಿದೆ ಅಜ್ಜಿ, ಉಪ್ಪು ಸ್ವಲ್ಪ ಕಮ್ಮಿ ಮಾಡಿ, ಬರ್ತೀನಿ ಅಂದಳು, ಬಾಗಿಲು ಗಾಳಿಗೆ ಧಡ್ ಎಂದಿತು, ಹೋದಳು. ಹೋದಳೇ? ಕೇಳಲೇ ಇಲ್ಲವಲ್ಲ. ನೋಡ್ದೆಯೇನಮ್ಮ, ಎಲ್ಲಾ ಚೆನ್ನಾಗಿದೆಯಂತೆ ಅಂದಳು ಮಗಳು, ಅವಳ ದನಿಯಲ್ಲಿ ನೆಮ್ಮದಿ, ನನಗಿಂತ ಹೆಚ್ಚು ಅವಳೇ ಹೆದರಿದ್ದಳೇನೋ, ಒಳಗೆ ಮೇಷ್ಟ್ರು ಎದ್ದ ಸದ್ದಾಯಿತು, ಬಂದೆ ಬಂದೆ ಎಂದು ಹೋದಳು. ಒಳ್ಳೆಯದೇ ಆಯಿತು, ಕೇಳದಿದ್ದರೆ ನನಗೇನು, ಸೋಮವಾರ ನನ್ನದಾಯಿತು, ಎಂದುಕೊಂಡು ಸುಮ್ಮನೆ ಒಮ್ಮೆ ರ‍್ಯಾಕಿನ ಕಡೆ ತಿರುಗಿದೆ — ಕುದುರೆ ಇದೆ, ಬೆನ್ನ ಮೇಲೆ ಕಂಬಳಿ ಇದೆ, ಇನ್ನೊಂದು? ಬಾಯಿ ಖಾಲಿ. ಅದರ ಬಾಯಲ್ಲೇನೋ ಇಟ್ಟಿದ್ದೆ, ಇಟ್ಟದ್ದು ನೆನಪಿದೆ, ಏನಿಟ್ಟೆ? ಕೆಳಗೂ ಮೇಲೂ ತಡಕಿದೆ, ಇಲ್ಲ. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಅವಳು ಒತ್ತಿ ಆಗಿದೆ, ಆದರೆ ಸೋಮವಾರ ಮೇಷ್ಟ್ರನ್ನು ನೋಡಿಕೊಳ್ಳುವುದು ಅವಳ ಟಕ ಟಕ ಅಲ್ಲ, ನನ್ನ ತಲೆ, ಒಂದು ದಿನ ಹಾಲೇ ಇಲ್ಲದೆ ಹೋದ ತಲೆ. ಲಗೇಜ್ ಕೋಣೆಯಲ್ಲಿ ನಾನೇ ಮಾಡಿಕೊಂಡ ನಿಯಮ, ಇಟ್ಟವರ ವಸ್ತು ಕಾಣದಿದ್ದರೆ ಅವರು ಬಂದು ಕೇಳುವವರೆಗೆ ಕಾಯಬಾರದು, ನಾವೇ ಹೋಗಿ, ಸ್ವಾಮೀ, ನಿಮ್ಮದೊಂದು ಸಿಗುತ್ತಿಲ್ಲ ಎನ್ನಬೇಕು. ಎದ್ದೆ. ಚಪ್ಪಲಿ ಮೆಟ್ಟಿ ಬಾಗಿಲು ತೆಗೆದೆ, ಅಮ್ಮಾ ಎಲ್ಲಿಗೆ, ಅಮ್ಮಾ ಎಂದು ಹಿಂದಿನಿಂದ ಮಗಳು, ಎರಡು ಪದ ಕೊಟ್ಟು ಬರ್ತೀನಿ ಅಂದರೆ ಅವಳಿಗೇನು ಅರ್ಥವಾದೀತು, ಇದೇ ಇದಕ್ಕೇ ನಾನು ಹೆದರೋದು ಅಂತಾಳೆ, ಕೈಕಂಬಿ ಹಿಡಿದು ಇಳಿಯುತ್ತಿದ್ದೇನೆ, ಕುದುರೆ, ಕಂಬಳಿ, ಇನ್ನೊಂದು, ಕುದುರೆ, ಕಂಬಳಿ, ಇನ್ನೊಂದು, ದೇವರೇ ಎಲ್ಲಿಟ್ಟೆಯೋ ತೋರಿಸು, ಎರಡನೆಯ ಮಹಡಿಯವರ ಮನೆಯಲ್ಲಿ ಯಾರೋ ಈರುಳ್ಳಿ ಹುರಿಯುತ್ತಿದ್ದಾರೆ, ಈರುಳ್ಳಿಯೇ? ಅಲ್ಲ. ಕುದುರೆಯೇ ತಿಂದುಬಿಟ್ಟಿದೆ, ಕಳ್ಳ, ಏನೂ ಗೊತ್ತಿಲ್ಲದ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತಿದೆ.

ಕೆಳಗೆ ಗಾಳಿ ಇನ್ನೂ ಜೋರು, ಸ್ಕೂಟರಿನ ಮೇಲೆ ಕೂತು ಹೆಲ್ಮೆಟ್ಟಿನ ಪಟ್ಟಿಯ ಜೊತೆ ಹೆಣಗಾಡುತ್ತಿದ್ದಾಳೆ ನರ್ಸು, ಅಯ್ಯೋ ಅಜ್ಜಿ, ಏನಾಯ್ತು, ಏನಾದ್ರೂ ಮರ್ತು ಬಂದ್ನಾ? ಹೌದಮ್ಮ, ಪದಗಳನ್ನ ನನ್ನ ಹತ್ರವೇ ಬಿಟ್ಟು ಬಂದೆ ಅಂದೆ. ಯಾವ ಪದ? ಆಮೇಲೆ ನಾಲಗೆ ಕಚ್ಚಿಕೊಂಡಳು, ಕಿವಿಯವರೆಗೂ ಕೆಂಪಾದಳು, ಕೇಳಲೇ ಇಲ್ಲ ಅಲ್ವಾ, ಫೋನ್ ಬಂತು ನೋಡಿ, ನೀವು ಚುರುಕಾಗಿದ್ರಲ್ಲ, ಮೂರೂ ಸರಿ ಅಂತ ಹಾಕ್ಬಿಟ್ಟೆ. ಹಾಗೆಲ್ಲ ಹಾಕಬಾರದಮ್ಮ, ಈಗ ಕೇಳು, ಒಂದು ಕಡಿಮೆ ಇದ್ದರೆ ಕಡಿಮೆ ಅಂತಲೇ ಹಾಕು ಅಂದೆ. ಹಿಂದೆ ಚಪ್ಪಲಿಯ ಸದ್ದು, ಮಗಳು ಮೇಷ್ಟ್ರನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಿದ್ದಾಳೆ, ಬೈಯಲು ಬಾಯಿ ತೆರೆದವಳು ನನ್ನ ಮುಖ ನೋಡಿ ಮೇಷ್ಟ್ರನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ನರ್ಸು ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹೇಳಿ ಅಜ್ಜಿ ಅಂದಳು. ಕುದುರೆ ಅಂದೆ. ಹ್ಞೂಂ. ಕಂಬಳಿ ಅಂದೆ. ಹ್ಞೂಂ. ಆಮೇಲೆ ಗಾಳಿ ಬೀಸಿತು. ಬರೀ ಗಾಳಿ. ಸಾಕಮ್ಮ, ಎರಡು ಹೇಳಿದ್ಯಲ್ಲ, ನನಗೆ ಅಷ್ಟೂ ನೆನಪಿರಲ್ಲ, ಮೇಲೆ ಬಾ ಎಂದಳು ಮಗಳು, ಎಷ್ಟು ಮೃದುವಾಗಿ ಎಂದಳೆಂದರೆ ಸೋಮವಾರ ಕೈತಪ್ಪಿ ಹೋದದ್ದು ಅದರಲ್ಲೇ ತಿಳಿಯಿತು. ತಾಳು, ಒಂದು ಗಳಿಗೆ ತಾಳು, ಅವಳ ಹೆಗಲ ಮೇಲಿಂದ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದಾನೆ, ಗಾಳಿ ನೇರ ಮುಖಕ್ಕೆ ಹೊಡೆದು ಅವನ ಮೂಗು ಸುಕ್ಕಾಯಿತು, ತುಟಿ ಒಳಗೆ ಹೋಯಿತು, ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿತು, ರ‍್ಯಾಕಿನ ಮೇಲೆ ಗೋಡೆಯ ಕಡೆ ತಿರುಗಿದ್ದ ಕುದುರೆಯೂ ಆಗಲೇ ಮೆಲ್ಲಗೆ ನನ್ನ ಕಡೆ ಮುಖ ತಿರುಗಿಸಿತು, ಅದೇ ಸುಕ್ಕು ಮೂಗು, ಅದೇ ಒಂದು ಕಣ್ಣು, ಕದ್ದು ತಿಂದ ಹುಳಿ ತಡೆಯಲಾರದೆ — ನರ್ಸಿನ ಹತ್ತಿರ ಹೋಗಿ, ಕೂಗಿ ಹೇಳುವ ಮಾತಲ್ಲ ಇದು, ಒಬ್ಬರ ವಸ್ತುವನ್ನು ಅವರ ಕೈಯಲ್ಲಿಡುವ ಹಾಗೆ, ಮೆಲ್ಲಗೆ, ನಿಂಬೆಹಣ್ಣು ಅಂದೆ. ಅವಳು ಏನೂ ಒತ್ತಲಿಲ್ಲ, ಒತ್ತುವುದೇನೂ ಉಳಿದಿರಲಿಲ್ಲ, ಹಲ್ಲಿನ ಸಂದಿನಲ್ಲಿ ನಕ್ಕಳಷ್ಟೇ, ಮಗಳು ಹತ್ತಿರ ಬಂದು ಮೇಷ್ಟ್ರನ್ನು ತನ್ನ ಹೆಗಲಿನಿಂದ ಬಿಡಿಸಿ ನನ್ನ ಹೆಗಲಿಗೆ ದಾಟಿಸಿದಳು, ಹಾಲು ಮಾತ್ರ ನಾನೇ ಕಾಯಿಸಿಟ್ಟು ಹೋಗ್ತೀನಿ ಎಂದಳು ಆಮೇಲೆ, ಆಗಲಿ ತಾಯೀ, ಆಗಲಿ, ಬೆಚ್ಚಗಿನ ತೂಕ, ಕತ್ತಿಗೆ ತಾಗುವ ಉಸಿರು, ಇಲ್ಲಿ ಬೀದಿಯ ತುಂಬ ಗಾಳಿ, ಅಲ್ಲಿ ರ‍್ಯಾಕಿನ ಮೇಲೆ ಕಂಬಳಿ ಹೊದ್ದ ಕುದುರೆ, ಹುಳಿಗೆ ಒಂದು ಕಣ್ಣು ಮುಚ್ಚಿದ ಕುದುರೆ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನಮ್ಮನ್ನೇ ನೋಡುತ್ತಿದೆ.