ಹೊಸನಗರದಾಚೆಯ ಏರು

ನಿಟ್ಟೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಶಿವಮೂರ್ತಿ ತನ್ನ ಹಳೇ ಕಾರಿಗೆ ಬೇರೆ ಎಂಜಿನ್ ಕೂರಿಸಿದ್ದು ಹೆಂಡತಿಗಾಗಿ. ಪುಷ್ಪಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಸಾಗರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಮೊದಮೊದಲು ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು. ಒಂದು ದಿನ ವಾಪಸ್ ಬರುವಾಗ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಬಿಪಿ ಇಳಿದು ಅವಳು ನಿಂತಲ್ಲೇ ಕುಸಿದಳು. ಸುತ್ತ ಜನ ಸೇರಿದರು, ಯಾರೋ ಸೋಡಾ ತಂದರು, ಯಾರೋ ಕುಡಿಸಬೇಡಿ ಎಂದರು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಶಿವಮೂರ್ತಿ ಇನ್ನು ಬಸ್ಸಿಗೆ ಹತ್ತಿಸುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದ. ಬಾಡಿಗೆಗೆ ಜೀಪುಗಳಿದ್ದವು, ಆದರೆ ಅವು ಬೆಳಗಾಗುವ ಮೊದಲೇ ಕೊಡಚಾದ್ರಿಗೆ ಬಂದವರನ್ನು ಹತ್ತಿಸಿಕೊಂಡು ಹೊರಟುಬಿಡುತ್ತಿದ್ದವು.

ಹಾಗಾಗಿ ಕಾರೇ ಗತಿ. ದೀಪಾವಳಿಯ ಹೊತ್ತಿಗೆ ಅದರ ಎಂಜಿನ್ ಜಾಮ್ ಆಗಿ ಪೂರಾ ಕೆಟ್ಟುಹೋಯಿತು. ಅರಳಸುರಳಿಯಲ್ಲಿದ್ದ ಪುಷ್ಪಮ್ಮನ ತಮ್ಮ ಶಂಭು ತೀರ್ಥಹಳ್ಳಿಯ ಗ್ಯಾರೇಜೊಂದನ್ನು ತೋರಿಸಿದ. ಅವರು ಗುಜರಿಗೆ ಹೋದ ಬೇರೊಂದು ಕಾರಿನ ಎಂಜಿನ್ ತಂದು ಇದಕ್ಕೆ ಕೂರಿಸಿಕೊಟ್ಟರು. ಕಾರು ತೀರ್ಥಹಳ್ಳಿಯಿಂದ ನಿಟ್ಟೂರಿನವರೆಗೆ ಒಂಚೂರೂ ತಕರಾರಿಲ್ಲದೆ ಓಡಿ ಬಂತು. ಆ ದಿನ ಶಿವಮೂರ್ತಿ ಮನೆಗೆ ಬರುವಾಗ ಜಿಲೇಬಿ ತಂದಿದ್ದ. ಪುಷ್ಪಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡಳು.

ತೊಂದರೆ ಶುರುವಾಗಿದ್ದು ಮುಂದಿನ ಮಂಗಳವಾರ, ಬೆಳಗಿನ ಮಂಜಿನಲ್ಲಿ. ಹೊಸನಗರ ದಾಟಿ ಸಾಗರದ ದಾರಿಯ ಏರಿನಲ್ಲಿ ಎಕ್ಸಲೇಟರ್ ತುಳಿದರೆ ಕಾರು ಒಂದು ಕ್ಷಣ ಏನೂ ಮಾಡದೆ ನಿಂತಂತಾಯಿತು. ಆಮೇಲೆ ಮುಗ್ಗರಿಸಿದ ಹಾಗೆ ಎಳೆಯಿತು, ಮತ್ತೆ ತಡವರಿಸಿತು. ಗೇರು ಇಳಿಸಿ ಹೇಗೋ ಹತ್ತಿಸಿದ. ಮಧ್ಯಾಹ್ನ ವಾಪಸ್ ಬರುವಾಗ ಎಂತದೂ ಇಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೆ ಅದೇ ಕಥೆ.

ತೀರ್ಥಹಳ್ಳಿಯವರು ಪ್ಲಗ್ ಬದಲಾಯಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು. ಬಿಸಿಲಲ್ಲಿ ಓಡಿಸಿ ನೋಡಿ, "ಚೆನ್ನಾಗೇ ಹೋಗ್ತದಲ್ಲ ಮಾರಾಯ್ರೆ" ಎಂದರು. ಹೊಸನಗರದ ಮೆಕ್ಯಾನಿಕ್ ಸುರೇಂದ್ರ ಪೆಟ್ರೋಲ್ ಫಿಲ್ಟರ್ ಹಾಕಿದ, ಕಾಯಿಲ್ ಬದಲಾಯಿಸಿದ, ಟ್ಯಾಂಕು ಇಳಿಸಿ ಕೆಳಗಿದ್ದ ಕೆಸರು ತೆಗೆದ. ಅವನೂ ಅದೇ ಏರಿನಲ್ಲಿ ನಡುಮಧ್ಯಾಹ್ನ ಎರಡು ಸಲ ಹತ್ತಿಸಿ ಇಳಿಸಿ ತೋರಿಸಿದ. "ಶಿವಣ್ಣ, ನನ್ನ ಕೈಯಲ್ಲಿ ಒಂದ್ಸಲ ಆದ್ರೂ ನಿಲ್ಲಬೇಕಪ್ಪ. ನಿಲ್ಲದೆ ಎಂತ ಅಂತ ಹುಡುಕ್ಲಿ?"

ಶಿವಮೂರ್ತಿಗೆ ಬೇರೆ ಯೋಚನೆಯೇ ಇಲ್ಲವಾಯಿತು. ಗಿರಣಿಯಲ್ಲಿ ರಾಗಿ ಸುರಿಯುತ್ತ ನಿಂತವನ ಕಿವಿ ಕಾರಿನ ಸದ್ದಿನಲ್ಲಿರುತ್ತಿತ್ತು. ಚಳಿಯಲ್ಲೂ ಕಾರಿನ ಗಾಜು ಇಳಿಸಿಯೇ ಓಡಿಸುತ್ತಿದ್ದ, ಎಂಜಿನ್ ಎಲ್ಲಿ ತಪ್ಪುತ್ತದೆಂದು ಕೇಳಲು. ಪುಷ್ಪಮ್ಮ ಏನಾದರೂ ಹೇಳಲು ಹೊರಟರೆ, "ಸ್ವಲ್ಪ ಸುಮ್ನಿರು, ಕೇಳ್ಬೇಕು" ಎನ್ನುತ್ತಿದ್ದ. ಅವಳು ಶಾಲು ಸುತ್ತಿಕೊಂಡು ಹೊರಗೆ ನೋಡುತ್ತ ಕೂರುತ್ತಿದ್ದಳು.

ಡಿಸೆಂಬರಿನ ಒಂದು ಶುಕ್ರವಾರ ಕಾರು ದಾರಿಯಲ್ಲಿ ಮೂರು ಕಡೆ ನಿಂತು ಸಾಗರ ಮುಟ್ಟುವಾಗ ತುಂಬಾ ತಡವಾಯಿತು. ಮುಂದಿನ ರೋಗಿಗೆ ಹಾಸಿಗೆ ಬಿಟ್ಟುಕೊಡಬೇಕಿದ್ದರಿಂದ ಪುಷ್ಪಮ್ಮನ ಡಯಾಲಿಸಿಸ್ ಅರ್ಧಕ್ಕೇ ಮುಗಿಯಿತು. ಭಾನುವಾರದ ಹೊತ್ತಿಗೆ ಅವಳ ಪಾದಗಳು ಊದಿಕೊಂಡವು. ಸೋಮವಾರ ಮಲಗಲು ಆಗದೆ ಗೋಡೆಗೆ ಒರಗಿ ಕೂತೇ ಇದ್ದಳು. ಶಿವಮೂರ್ತಿ ಡಯಾಲಿಸಿಸ್ ಕೇಂದ್ರದ ನರ್ಸ್ ಚೈತ್ರಾಳಿಗೆ ಫೋನ್ ಮಾಡಿದ.

"ಉಸಿರಾಡೋಕೆ ಕಷ್ಟ ಆದ್ರೆ ಈಗ್ಲೇ ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದಳು ಚೈತ್ರಾ. "ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಮೊದಲ್ನೇ ಸರದಿಗೇ ಬನ್ನಿ. ನಾಳೆ ಮಾತ್ರ ತಪ್ಪಿಸ್ಬೇಡಿ ಅಣ್ಣ."

ಪುಷ್ಪಮ್ಮ ಬೆಳಗಾಗಲಿ ಎಂದಳು. ಬೆಳಿಗ್ಗೆ ಜೀಪಿನವರಿಗೆಲ್ಲ ಫೋನ್ ಮಾಡಿದರೂ ಒಂದೂ ಸಿಗಲಿಲ್ಲ. ಶಿವಮೂರ್ತಿ ಅವಳನ್ನು ಎತ್ತಿಕೊಂಡೇ ಬಂದು ಕಾರಿನಲ್ಲಿ ಕೂರಿಸಿದ.

ಮಂಜು ದಟ್ಟವಾಗಿತ್ತು. ಲೈಟು ಹಾಕಿ, ಗಾಜಿಗೆ ಕೂತ ಇಬ್ಬನಿ ಒರೆಸಲು ವೈಪರ್ ಹಾಕಿ ನಿಧಾನ ಓಡಿಸಿದ. ಹೊಸನಗರದವರೆಗೆ ತಡವರಿಸುತ್ತಲೇ ಬಂತು. ಎಕ್ಸಲೇಟರ್ ಕಲ್ಲಿನ ಹಾಗೆ ಬಿಗಿಯಾಗಿತ್ತು. ಊರು ದಾಟಿ ಏರು ಹಿಡಿದಿದ್ದೇ ಕಾರು ಎರಡು ಸಲ ಜೋರಾಗಿ ಕುಲುಕಿ ನಿಂತುಬಿಟ್ಟಿತು. ಹಿಂದೆ ಬಂದ ಲಾರಿ ಹಾರ್ನ್ ಹೊಡೆದು ಬದಿಯಿಂದ ಹಾದುಹೋಯಿತು. ಹ್ಯಾಂಡ್‌ಬ್ರೇಕ್ ಸಡಿಲಿಸಿ ಕಾರನ್ನು ಹಿಂದಕ್ಕೆ ಉರುಳಿಸಿ ರಸ್ತೆಯ ಅಂಚಿಗೆ ತಂದ. ಮತ್ತೆ ಸ್ಟಾರ್ಟ್ ಮಾಡಿದ. ಎಂಜಿನ್ ತನ್ನ ಪಾಡಿಗೆ ತಿರುಗಿತು. ತುಳಿದರೆ ಸತ್ತಿತು. ಮತ್ತೆ ಸ್ಟಾರ್ಟ್, ಮತ್ತೆ ತುಳಿತ, ಮತ್ತೆ ಸಾವು.

ಆಂಬುಲೆನ್ಸಿಗೆ ಫೋನ್ ಮಾಡಿದ. ಅದು ನಗರ ಹೋಬಳಿಯ ಕಡೆ ಹೆರಿಗೆ ಕೇಸಿಗೆ ಹೋಗಿದೆ, ಬೇರೆ ಕಡೆಯಿಂದ ಕಳಿಸುತ್ತೇವೆ, ಕಾಯಿರಿ ಎಂದರು. ಸುರೇಂದ್ರನಿಗೆ ಮಾಡಿದ. "ಏರಲ್ಲಿ ನಿಂತಿದೆ ಸುರೇಂದ್ರ, ಈಗ ನಿಂತಿದೆ. ಪುಷ್ಪಂಗೆ ಉಸಿರು ಬರ್ತಿಲ್ಲ. ಓಡಿ ಬಾ."

"ಬಂದೆ ಶಿವಣ್ಣ. ಕಾರಿಗೆ ಎಂತದೂ ಮಾಡ್ಬೇಡಿ, ಹಾಗೇ ಇರ್ಲಿ."

ಹೊರಗಿಳಿದು ದಾರಿಯಲ್ಲಿ ಬಂದ ಕಾರೊಂದಕ್ಕೆ ಕೈ ಅಡ್ಡ ಹಿಡಿದ. ಮಂಜಿನಲ್ಲಿ ಅವರಿಗೆ ಇವನು ಕಂಡನೋ ಇಲ್ಲವೋ, ಅದು ನಿಲ್ಲಲಿಲ್ಲ. ವಾಪಸ್ ಬಂದು ಬಾಗಿಲು ತೆಗೆದಾಗ ಪುಷ್ಪಮ್ಮ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ ಮುಂದಕ್ಕೆ ಬಗ್ಗಿ ಕೂತಿದ್ದಳು. ಪ್ರತಿ ಉಸಿರಿಗೂ ಭುಜ ಮೇಲೆದ್ದು ಬೀಳುತ್ತಿತ್ತು.

"ಮನೆಗ್ ಹೋಗೋಣ," ಎಂದಳು.

"ಎಂತ ಮಾತು ಅದು? ಸುರೇಂದ್ರ ಬರ್ತಿದಾನೆ."

"ಇವತ್ತಿಂದಲ್ಲ ನಾ ಹೇಳ್ತಿರೋದು." ಉಸಿರು ತೆಗೆದುಕೊಂಡಳು. "ಸಾಕಾಗಿದೆ ಕಣ್ರೀ. ಸೂಜಿ ಚುಚ್ಚಿಸ್ಕೊಂಡು ಬರೋದು, ಮತ್ತೆ ಹೋಗೋದು. ನಿಮಗೂ ಬೇರೆ ಜೀವ್ನ ಇಲ್ದಂಗಾಗಿದೆ. ನಿಲ್ಸಿಬಿಡೋಣ."

ಅವಳು ಇದನ್ನು ಎಷ್ಟು ದಿನದಿಂದ ಒಳಗಿಟ್ಟುಕೊಂಡಿದ್ದಳೋ. ಶಿವಮೂರ್ತಿಗೆ ಸಿಟ್ಟು ಬಂತು, ಅವಳ ಮೇಲಲ್ಲ, ಕಾರಿನ ಮೇಲೂ ಅಲ್ಲ, ಯಾರ ಮೇಲೆ ಅಂತ ತಿಳಿಯದ ಸಿಟ್ಟು. ಬಂದು ಸೀಟಿನಲ್ಲಿ ಕೂತು ಮತ್ತೆ ಚಾವಿ ತಿರುಗಿಸಿದ. ಎಂಜಿನ್ ಹಿಡಿಯಿತು. ಪೆಡಲಿನ ಮೇಲೆ ಕಾಲಿಟ್ಟು ಮೆಲ್ಲನೆ ಒತ್ತಿದ. ಅದು ತಿಣುಕಿತು.

"ಆ ಲೈಟಾದ್ರೂ ಆರ್ಸಿ," ಎಂದಳು ಪುಷ್ಪಮ್ಮ. "ಮಂಜಿಗೆ ಬಡಿದು ಕಣ್ಣಿಗೇ ಹೊಡೀತಿದೆ."

ಲೈಟು ಆರಿಸಿದ. ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ಸಾಯುತ್ತಿದ್ದ ಎಂಜಿನ್ ಒಮ್ಮೆಲೇ ಎದ್ದು ಕೂಗಿತು.

ಇಬ್ಬರೂ ಬೆಚ್ಚಿದರು. ಅವನು ಕಾಲು ತೆಗೆದು, ಮತ್ತೆ ತುಳಿದ. ಸಲೀಸಾಗಿ ಏರಿತು. ಲೈಟು ಹಾಕಿದ, ತಡವರಿಸಿತು. ಆರಿಸಿದ, ಸರಿಯಾಯಿತು. ವೈಪರ್ ಕೂಡ ನಿಲ್ಲಿಸಿ ನೋಡಿದ. ಇನ್ನೂ ಹಗುರಾಯಿತು. ಮಧ್ಯಾಹ್ನದ ಬಿಸಿಲಲ್ಲಿ ಯಾರೂ ಲೈಟು ಹಾಕಿ ಕಾರು ಓಡಿಸಿರಲಿಲ್ಲ. ಹಾಗೇ ಹೊರಟುಬಿಡೋಣ ಎನಿಸಿತು, ಆದರೆ ಮುಂದೆ ಬಾನೆಟ್ಟಿನ ಆಚೆಗೆ ರಸ್ತೆಯೇ ಕಾಣುತ್ತಿರಲಿಲ್ಲ. ಲೈಟಿಲ್ಲದೆ ಆ ತಿರುವುಗಳಲ್ಲಿ ಎದುರಿನಿಂದ ಬಸ್ಸು ಬಂದರೆ ಮುಗಿಯಿತು.

ಅಷ್ಟರಲ್ಲಿ ಸುರೇಂದ್ರ ಬೈಕಿನಲ್ಲಿ ಬಂದ. ಶಿವಮೂರ್ತಿ ಹೇಳಿದ್ದನ್ನು ಕೇಳಿ, "ಲೈಟು, ವೈಪರ್ ಎರಡೂ ಹಾಕಿ ಸ್ಟಾರ್ಟಲ್ಲೇ ಇಡಿ" ಎಂದ. ಬಾನೆಟ್ ಎತ್ತಿ ಒಳಗೆ ಕೈ ಹಾಕಿ ಒಂದೊಂದೇ ವೈರು ಮುಟ್ಟುತ್ತ ಬಂದ. ತಟ್ಟನೆ ಕೈ ಹಿಂದಕ್ಕೆಳೆದುಕೊಂಡ.

"ಎಂತಾಯ್ತು?"

"ಎಕ್ಸಲೇಟರ್ ಕೇಬಲ್ ಸುಡ್ತಿದೆ ಶಿವಣ್ಣ. ನೋಡಿ, ಮೇಲಿನ ಪ್ಲಾಸ್ಟಿಕ್ ಕರಗಿ ತಂತಿಗೆ ಹಿಡ್ಕೊಂಡಿದೆ." ಟಾರ್ಚು ಬಿಟ್ಟು ಎಂಜಿನ್ನಿನ ಹಿಂಭಾಗ ನೋಡಿದ. "ಅರ್ಥ್ ವೈರೇ ಇಲ್ವಲ್ಲ! ಬ್ಯಾಟರಿಯಿಂದ ಎಂಜಿನ್ನಿಗೆ ಬಂದಿದೆ, ಎಂಜಿನ್ನಿಂದ ಕಾರಿನ ಬಾಡಿಗೆ ಇನ್ನೊಂದು ವೈರು ಹಾಕ್ಬೇಕಿತ್ತು, ಹಾಕಿಲ್ಲ. ಲೈಟು, ವೈಪರ್ ಕರೆಂಟೆಲ್ಲ ವಾಪಸ್ ಹೋಗೋಕೆ ದಾರಿ ಇಲ್ದೆ ಈ ಕೇಬಲ್ ಮೇಲೇ ಹೋಗ್ತಿದೆ. ಪ್ಲಗ್ಗಿಗೆ ಕಿಡಿ ಕೊಡೋ ಪೆಟ್ಟಿಗೆ ಕಾರಿನ ಬಾಡಿಗೇ ಬಿಗಿದಿದೆ, ಅದಕ್ಕೆ ಸಾಕಷ್ಟು ಕರೆಂಟು ಸಿಗ್ತಿಲ್ಲ. ನಾನೂ ನೋಡ್ಲಿಲ್ವಲ್ಲ ಇದನ್ನ, ಛೆ!"

"ಅದೆಲ್ಲ ಆಮೇಲೆ. ಈಗ ಆಗ್ತದಾ?"

ಬ್ಯಾಟರಿ ಇಳಿದಾಗ ಬಳಸುವ ದಪ್ಪ ಕೇಬಲ್ಲು ಸುರೇಂದ್ರನ ಬ್ಯಾಗಿನಲ್ಲಿತ್ತು. ಅದರ ಒಂದು ಹಿಡಿಕೆಯನ್ನು ಎಂಜಿನ್ನಿಗೂ ಇನ್ನೊಂದನ್ನು ಬಾಡಿಯ ಒಂದು ಬೋಲ್ಟಿಗೂ ಕಚ್ಚಿಸಿದ. ಲೈಟು ಒಮ್ಮೆಲೇ ಬೆಳ್ಳಗಾಯಿತು. ವೈಪರ್ ಸರಸರ ಓಡಿತು. ಶಿವಮೂರ್ತಿ ತುಳಿದಾಗ ಎಂಜಿನ್ ಒಂದೇ ಸಮನೆ ಏರಿತು.

"ಕೇಬಲ್ ಅರ್ಧ ಸುಟ್ಟಿದೆ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ನೀವೊಬ್ರೇ ಎಂತ ಮಾಡ್ತೀರಿ? ನಾನೂ ಬರ್ತೀನಿ," ಎಂದು ಸುರೇಂದ್ರ ಬೈಕನ್ನು ಮರದ ಬುಡಕ್ಕೆ ಒರಗಿಸಿ ಹಿಂದೆ ಕೂತ. "ಪುಷ್ಪಕ್ಕ, ಗಟ್ಟಿ ಹಿಡ್ಕೊಳ್ಳಿ."

ಕಾರು ಏರು ಹತ್ತಿತು. ಬಟ್ಟೆಮಲ್ಲಪ್ಪ ದಾಟುವಾಗ ಪುಷ್ಪಮ್ಮನ ತುಟಿ ನೀಲಿಗಟ್ಟಿತ್ತು. ಶಿವಮೂರ್ತಿ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಅವಳ ಮಣಿಕಟ್ಟು ಹಿಡಿದಿದ್ದ. ಸುರೇಂದ್ರ ಹಿಂದಿನಿಂದಲೇ ಚೈತ್ರಾಳಿಗೆ ಫೋನ್ ಮಾಡಿ, ಬಂದೇ ಬಿಟ್ಟೆವು ಎಂದು ಎರಡೆರಡು ಸಲ ಹೇಳಿದ.

ಕೇಂದ್ರದ ಬಾಗಿಲಲ್ಲೇ ಚೈತ್ರಾ ಗಾಲಿಕುರ್ಚಿ ಹಿಡಿದು ನಿಂತಿದ್ದಳು. ಅವಳು ಒಂದು ಮಾತೂ ಕೇಳದೆ ಆಕ್ಸಿಜನ್ ಹಾಕಿಸಿ ಒಳಗೆ ಕರೆದೊಯ್ದಳು. ಡಾಕ್ಟರು ಹೊರಗೆ ಬಂದು, "ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು. ಈಗ್ಲೂ ಏನೂ ಹೇಳೋಕಾಗಲ್ಲ, ನೋಡೋಣ" ಎಂದರು. ಶಿವಮೂರ್ತಿ ತಲೆಯಾಡಿಸಿದ. ಹೊರಗೆ ಬಂದು ಕಾರಿಗೆ ಒರಗಿದವನು ಹಾಗೇ ಜಾರಿ ನೆಲಕ್ಕೆ ಕೂತು, ಮುಖ ಮುಚ್ಚಿಕೊಂಡು ಅತ್ತ. ಸುರೇಂದ್ರ ಪಕ್ಕದಲ್ಲಿ ಕೂತ. ಆಮೇಲೆ ಎದ್ದುಹೋಗಿ ಎರಡು ಟೀ ತಂದ.

ಮಧ್ಯಾಹ್ನದ ಹೊತ್ತಿಗೆ ಪುಷ್ಪಮ್ಮನ ಉಸಿರು ಹತೋಟಿಗೆ ಬಂತು. ಒಳಗೆ ಬಿಟ್ಟಾಗ ಅವಳು ಕಣ್ಣು ತೆರೆದೇ ಮಲಗಿದ್ದಳು. ಶಿವಮೂರ್ತಿ ಸ್ಟೂಲ್ ಎಳೆದುಕೊಂಡು ಕೂತ.

"ಕಾರಿಂದು ಸಿಕ್ತು," ಎಂದ. "ಒಂದು ವೈರು ಅಷ್ಟೇ."

"ಕೇಳ್ಸಿಕೊಂಡೆ."

"ಮತ್ತೆ ನೀ ದಾರೀಲಿ ಹೇಳಿದ್ದು... ಉಸಿರಿಲ್ದೆ ಹೇಳಿದ್ದಲ್ವಾ?"

ಪುಷ್ಪಮ್ಮ ಯಂತ್ರದ ಕಡೆ ನೋಡಿದಳು. "ಅಲ್ಲ. ನಿಜಾನೇ ಹೇಳಿದ್ದು. ಕಾರು ಸರಿ ಇದ್ದಿದ್ರೂ ಒಂದಿನ ಹೇಳ್ತಿದ್ದೆ."

ಅವನು ಸ್ಟೂಲನ್ನು ಹಾಸಿಗೆಗೆ ಇನ್ನೂ ಹತ್ತಿರ ಎಳೆದುಕೊಂಡ. ಇಷ್ಟು ದಿನ ರಿಪೇರಿಯ ಹಿಂದೆ ಓಡುತ್ತ ಅವನು ಅವಳನ್ನು ಏನೂ ಕೇಳಿಯೇ ಇರಲಿಲ್ಲ.

"ಹೇಳು," ಎಂದ. "ಕೇಳ್ತೀನಿ."

ಅವಳು ಹೇಳಿದಳು. ನೋವಿನ ಬಗ್ಗೆ, ಮನೆಯಲ್ಲಿ ಉಪ್ಪಿಲ್ಲದ ಊಟ ಮಾಡುವಾಗ ಆಗುವ ಜಿಗುಪ್ಸೆಯ ಬಗ್ಗೆ, ಮಂಗಳವಾರ, ಶುಕ್ರವಾರ ಬಂತೆಂದರೆ ಶುರುವಾಗುವ ಹೆದರಿಕೆಯ ಬಗ್ಗೆ. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅವಳು, "ಈ ಶುಕ್ರವಾರ ಬರ್ತೀನಿ. ಮುಂದಿಂದು ಈಗ ಕೇಳ್ಬೇಡಿ" ಎಂದಳು.

"ಕೇಳಲ್ಲ," ಎಂದ ಶಿವಮೂರ್ತಿ. ಅವಳ ಸೂಜಿ ಹಾಕದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಆ ಕೈ ಇನ್ನೂ ತಣ್ಣಗಿತ್ತು. ಚೈತ್ರಾ ಬಂದು, "ಹೊತ್ತಾಯ್ತು, ಹೊರಗಿರಿ" ಎನ್ನುವವರೆಗೂ ಅವನು ಅದನ್ನು ಬಿಡಲಿಲ್ಲ.